ಸೈಕಲ್ ಫೋರ್ಕನ್ನು ಸರ್ವಿಸ್‌ಗೆ ಕೊಡುವ ಮುನ್ನ ದಯವಿಟ್ಟು ಓದಿ

ಮೌಂಟನ್ ಬೈಕಿನ ಸಸ್ಪೆನ್ಷನ್ ಫೋರ್ಕನ್ನು (ಮುಂಚಕ್ರವನ್ನು ಹಿಡಿದು, ಹಾದಿಯ ಹೊಡೆತವನ್ನು ಹೀರಿಕೊಳ್ಳುವ ಕವಲು) ಸರ್ವಿಸ್‌ಗೆ ಕೊಡಬೇಕೆಂದಿರುವವರು, ಅದರಲ್ಲೂ ಬೆಂಗಳೂರಿನ ಸುತ್ತಲಿನ ಮಣ್ಣುಹಾದಿಗಳಲ್ಲಿ ಮಳೆಗಾಲದಲ್ಲೂ ಓಡಿಸುವವರು, ಕೆಲಸ ತಮ್ಮ ಕಣ್ಣೆದುರೇ ನಡೆಯುವಂತೆ ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ನಗರದ ಹೆಸರಾಂತ ಸೈಕಲ್ ಅಂಗಡಿಯೊಂದು ‘ಫುಲ್ ಸರ್ವಿಸ್’ ಎಂದು ಬಿಲ್ ಮಾಡಿ, ಫೋರ್ಕನ್ನು ಬಿಚ್ಚದೆಯೇ ಹಿಂದಿರುಗಿಸಿದ್ದರಿಂದ ನನ್ನ ಫೋರ್ಕ್ ಹಾಳಾಗಿದೆ.

ಸೈಕಲ್ ಕೈಗೆ ಬಂದಾಗ ಫಳಫಳ ಹೊಳೆಯುತ್ತಿತ್ತು. ಆದರೆ ಸಣ್ಣ ಕಲ್ಲುಗಳ ಮೇಲೆ ಹೋಗುವಾಗ ಫೋರ್ಕ್ ತಡೆದು ತಡೆದು ಕುಸಿಯುತ್ತಿತ್ತು. ವಿಚಾರಿಸಿದಾಗ, “ಹೊಸ ಸೀಲ್ ಸಾರ್, ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ” ಎಂದರು. ಧೂಳು, ನೀರು ಒಳಹೋಗದಂತೆ ತಡೆಯುವ ಈ ರಬ್ಬರ್ ಸೀಲ್ ಹೊಸದಾಗಿದ್ದಾಗ ಮೊದಮೊದಲು ತುಸು ಬಿಗಿಯಾಗಿರುವುದು ನಿಜವಾದ್ದರಿಂದಲೇ ಈ ಉತ್ತರ ಅಪಾಯಕಾರಿ. ಮಳೆಗಾಲ ಕಳೆದ ಮೇಲೆ ಬೇರೊಬ್ಬ ಮೆಕ್ಯಾನಿಕ್ ನನ್ನೆದುರು ಗಾಳಿ ಬಿಟ್ಟು, ತಳದ ಬೋಲ್ಟ್‌ಗಳನ್ನು ಕಳಚಿ, ಕೆಳಭಾಗವನ್ನು ಎಳೆದು ತೆಗೆದರು. ತಟ್ಟೆಗೆ ಸುರಿದದ್ದು ಆಯಿಲ್ ಅಲ್ಲ, ಕೆಂಪು ಕೆಸರು ನೀರು. ಸೀಲ್‌ಗಳು ಹಳೆಯವೇ, ಅವುಗಳ ಅಂಚಿಗೆ ಹೊರಗಿನಿಂದ ಗ್ರೀಸ್ ಮೆತ್ತಲಾಗಿತ್ತು. ಒಳಗಿನ ಸ್ಪಂಜಿನ ಉಂಗುರ ಉಗುರು ತಾಗಿದರೆ ಪುಡಿಯಾಗುವಷ್ಟು ಒಣಗಿತ್ತು. ಬಲಗಡೆಯ ಸ್ಟ್ಯಾಂಚನ್ನಿನ (ಫೋರ್ಕಿನ ಕೆಳಗಾಲಿನೊಳಗೆ ಜಾರುವ ಮೇಲಿನ ಕೊಳವೆ) ಹಿಂಬದಿಯಲ್ಲಿ ಕಪ್ಪು ಲೇಪನ ಬೆರಳುದ್ದ ಸವೆದು, ಬೆಳ್ಳನೆಯ ಅಲ್ಯೂಮಿನಿಯಂ ಕಾಣುತ್ತಿತ್ತು.

ಫೋರ್ಕಿನ ಕೆಳಗಾಲುಗಳಲ್ಲಿರುವುದು ಕೆಲವೇ ಮಿಲಿಲೀಟರ್ ಆಯಿಲ್. ಸ್ಪಂಜು ಮತ್ತು ಬುಶಿಂಗ್‌ಗಳನ್ನು (ಕೊಳವೆ ಸಲೀಸಾಗಿ ಜಾರಲು ಒಳಗಿರುವ ಬಳೆಗಳು) ತೇವವಾಗಿಡುವುದು ಅದೇ. ಅದು ಬತ್ತಿದರೆ ಒಳಸೇರಿದ ಮಣ್ಣಿನ ಕಣಗಳು ಲೇಪನವನ್ನು ಉಜ್ಜಿ ತೆಗೆಯುತ್ತವೆ. ಫೋರ್ಕ್ ತಯಾರಿಸುವ ರಾಕ್‌ಶಾಕ್ಸ್ ಕಂಪನಿಯು 50 ಗಂಟೆಗಳ ಸವಾರಿಗೊಮ್ಮೆ ಕೆಳಭಾಗದ ಸರ್ವಿಸ್ ಮಾಡಿಸಬೇಕೆನ್ನುವುದು, ಫಾಕ್ಸ್ ಕಂಪನಿಯು 125 ಗಂಟೆ ಅಥವಾ ವರ್ಷಕ್ಕೊಮ್ಮೆ ಎನ್ನುವುದು ಸುಮ್ಮನೆ ಅಲ್ಲ. ಸ್ಟ್ಯಾಂಚನ್‌ಗಳನ್ನು ಅವೆರಡನ್ನೂ ಮೇಲೆ ಜೋಡಿಸುವ ಕ್ರೌನಿಗೆ ಒತ್ತಿ ಕೂರಿಸಿರುವುದರಿಂದ ಒಂದನ್ನೇ ಬದಲಿಸಲು ಬರುವುದಿಲ್ಲ, ಮೇಲ್ಭಾಗವನ್ನು ಇಡಿಯಾಗಿ ಬದಲಿಸಬೇಕು. ನನ್ನ ಹಳೆಯ ಮಾದರಿಗೆ ಅದು ಸಿಗುತ್ತಿಲ್ಲ. ಇದನ್ನೆಲ್ಲ ತೋರಿಸಿದಾಗ ಅಂಗಡಿಯವರು “ಅದು ಮಾಮೂಲಿ ಸವಕಳಿ” ಎಂದು ಕೈತೊಳೆದುಕೊಂಡರು.

ಆದ್ದರಿಂದ ಯಾವ ಆಯಿಲ್, ಯಾವ ಕಾಲಿಗೆ ಎಷ್ಟು ಮಿಲಿ ಹಾಕುತ್ತೀರಿ ಎಂದು ಮೊದಲೇ ಕೇಳಿ. ಕಂಪನಿಯ ಸರ್ವಿಸ್ ಕೈಪಿಡಿಯನ್ನು ನೋಡಿ ಕೆಲಸ ಮಾಡುವವರು ತಡವರಿಸದೆ ಉತ್ತರಿಸುತ್ತಾರೆ. ಎದುರಿಗೆ ಬಿಚ್ಚಲು ಒಪ್ಪದಿದ್ದರೆ ಸೈಕಲ್ ಅಲ್ಲಿ ಬಿಡಬೇಡಿ. ಹಳೆಯ ಸೀಲ್, ಸ್ಪಂಜು, ತಳದ ಬೋಲ್ಟಿನ ವಾಷರ್‌ಗಳನ್ನು ಕೇಳಿ ಪಡೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಇಂಥ ಸೇವಾನ್ಯೂನತೆಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ನಾನೂ ದೂರು ಸಿದ್ಧಪಡಿಸುತ್ತಿದ್ದೇನೆ. ಆದರೆ ಬಿಲ್ಲಿನಲ್ಲಿ ‘ಫುಲ್ ಸರ್ವಿಸ್’ ಎಂದಷ್ಟೇ ಇರುವುದರಿಂದ ಅವರು ಏನನ್ನು ಮಾಡಲಿಲ್ಲ ಎಂಬುದನ್ನು ಸಾಬೀತುಪಡಿಸುವುದು ಕಷ್ಟವಾಗಿದೆ. ನೀವು ಸೀಲ್ ಕಿಟ್, ಆಯಿಲ್, ಕೂಲಿ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಂಡೇ ಹಣ ಕೊಡಿ.