ಹಳೇ ಸಿ10 ಪಿಕಪ್‌ಗೆ ಪವರ್ ಸ್ಟೀರಿಂಗ್: ವರ್ಷಗಟ್ಟಲೆ ಓಡಿಸಿದ ಮೇಲಿನ ಅಭಿಪ್ರಾಯ

ಹಳೇ ಪಿಕಪ್‌ಗೆ ಪವರ್ ಸ್ಟೀರಿಂಗ್ ಕಿಟ್ ಹಾಕಿಸಲೋ ಬೇಡವೋ ಅಂತ ತೂಗಿ ನೋಡುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಂತ ಗಾಡಿಯಲ್ಲಿ ಸ್ಟೀರಿಂಗ್ ತಿರುಗಿಸೋಕೆ ಭುಜ ಸೋಲುತ್ತೆ ಅನ್ನೋದು ನಿಮ್ಮ ದೂರಾದರೆ ಧೈರ್ಯವಾಗಿ ಹಾಕಿಸಿ. ಗಾಡಿ ನೆಟ್ಟಗೆ ಓಡಲ್ಲ, ಅತ್ತಿತ್ತ ಅಲೆಯುತ್ತೆ, ಸ್ಟೀರಿಂಗಲ್ಲಿ ನಾಲ್ಕು ಬೆರಳು ಪ್ಲೇ (ಸಡಿಲ) ಇದೆ ಅನ್ನೋದು ದೂರಾದರೆ ಈ ಕಿಟ್ ಅದಕ್ಕೆ ಮದ್ದಲ್ಲ. ಸವೆದ ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಐಡ್ಲರ್ ಆರ್ಮ್ ಥರದ ಮುಂದಿನ ಚಕ್ರದ ಜೋಡಣೆಗಳನ್ನು ಬದಲಾಯಿಸದೆ ಪವರ್ ಬಾಕ್ಸ್ (ಪವರ್ ಇರುವ ಸ್ಟೀರಿಂಗ್ ಗೇರ್ ಪೆಟ್ಟಿಗೆ) ಕೂರಿಸಿದರೆ, ಮೊದಲು ಕಷ್ಟಪಟ್ಟು ಅಡ್ಡಾದಿಡ್ಡಿ ಹೋಗುತ್ತಿದ್ದ ಗಾಡಿ ಆಮೇಲೆ ಸಲೀಸಾಗಿ ಅಡ್ಡಾದಿಡ್ಡಿ ಹೋಗುತ್ತೆ, ಅಷ್ಟೇ ವ್ಯತ್ಯಾಸ.

ನನ್ನದು 1970ರ ಷೆವರ್ಲೆ ಸಿ10. 250 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಎಂಜಿನ್, ಮ್ಯಾನುಯಲ್ ಸ್ಟೀರಿಂಗ್. ಆ ಕಾಲದ ಪಿಕಪ್‌ಗಳಲ್ಲಿ ಪವರ್ ಸ್ಟೀರಿಂಗ್ ಬೇಕಿದ್ದವರು ಬೇರೆಯಾಗಿ ಕೇಳಿ ಹಾಕಿಸಿಕೊಳ್ಳಬೇಕಿತ್ತು. ಪಿಯರ್ಸ್ ಆ್ಯರೋ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಹೈಡ್ರಾಲಿಕ್ ಸ್ಟೀರಿಂಗ್ ಮಾಡಿ ಓಡಿಸಿ ತೋರಿಸಿದ್ದರು. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ಅದು ಮಾರಾಟಕ್ಕೂ ಬಂತು. ಆದರೂ ಪಿಕಪ್ ಅಂದರೆ ದುಡಿಯುವ ಗಾಡಿ, ಓಡಿಸುವವನಿಗೆ ತೋಳಿನ ಬಲ ಇದ್ದೇ ಇರುತ್ತೆ ಅನ್ನುವ ಲೆಕ್ಕ ಎಷ್ಟೋ ವರ್ಷ ಉಳಿದುಕೊಂಡಿತು.

ನ್ಯಾಯವಾಗಿ ಹೇಳಬೇಕೆಂದರೆ, ಗಾಡಿ ಓಡುತ್ತಿರುವಾಗ ಮ್ಯಾನುಯಲ್ ಬಾಕ್ಸ್ ಅಷ್ಟೇನೂ ಕಾಡಲ್ಲ. ಅದರ ಗೇರ್ ಅನುಪಾತ ಸುಮಾರು 24:1. ಅಂದರೆ ಬಾಕ್ಸಿನಿಂದ ಹೊರಬಂದು ಚಕ್ರಗಳ ಕಡೆಗೆ ತಳ್ಳುವ ಪಿಟ್‌ಮನ್ ಆರ್ಮ್ ಒಂದು ಡಿಗ್ರಿ ಅಲುಗಬೇಕಾದರೆ ನಾವು ಸ್ಟೀರಿಂಗನ್ನು 24 ಡಿಗ್ರಿ ತಿರುಗಿಸಬೇಕು. ದೊಡ್ಡ ಸ್ಟೀರಿಂಗ್ ಚಕ್ರ, ಹೆಚ್ಚು ಸುತ್ತು, ಕಡಿಮೆ ಬಲ. ಕಷ್ಟ ಶುರುವಾಗೋದು ರಿವರ್ಸ್ ಹಾಕಿ ಫುಲ್ ಕಟ್ ಮಾಡುವಾಗ. ಈ ಗಾಡಿಗಳು ಹುಟ್ಟಿದ್ದು ಕಿರಿದಾದ ಟೈರ್‌ಗಳಿಗೆ. ನಾವು ಚೆಂದ ಕಾಣಲಿ, ಹಿಡಿತ ಸಿಗಲಿ ಅಂತ ಅಗಲವಾದ ರೇಡಿಯಲ್ ಹಾಕಿಸಿ ಭಾರವನ್ನು ನಾವೇ ಏರಿಸಿಕೊಂಡಿರುತ್ತೇವೆ. ನಿಮ್ಮ ಗಾಡಿಯಲ್ಲಿ ಇನ್ನೂ ಕಿರಿದಾದ ಟೈರ್ ಇದ್ದು, ತಿಂಗಳಿಗೊಮ್ಮೆ ಹೊರಗೆ ತೆಗೆಯುವುದಾದರೆ ಇದೆಲ್ಲ ಬೇಕಿಲ್ಲ. ಮುಂದಿನ ಟೈರ್‌ಗಳಿಗೆ ಸರಿಯಾಗಿ ಗಾಳಿ ಹಿಡಿಸಿ, ಗ್ರೀಸ್ ಹೊಡೆಸಿ ನೋಡಿ. ಅರ್ಧ ಭಾರ ಅಲ್ಲೇ ಇಳಿಯಬಹುದು.

ನಾನು ತೆಗೆದುಕೊಂಡದ್ದು ರಿಪೇರಿ ಮಾಡಿ ಹೊಸದರಂತೆ ಕೊಡುವ ಸ್ಯಾಗಿನಾ 800 ಮಾದರಿಯ ಬಾಕ್ಸ್, ಅನುಪಾತ 17.5:1. ಜೊತೆಗೆ ಪಂಪ್, ಎರಡು ಹೋಸ್, ಪಿಟ್‌ಮನ್ ಆರ್ಮ್, ಸ್ಟೀರಿಂಗ್ ಕಾಲಮ್ಮಿಗೂ (ಸ್ಟೀರಿಂಗ್ ಚಕ್ರದಿಂದ ಇಳಿಯುವ ಕಂಬ) ಬಾಕ್ಸಿಗೂ ನಡುವೆ ಕೂರುವ ರಬ್ಬರ್ ಜಾಯಿಂಟ್. ಇದರೊಳಗಿನ ಜಾಣತನ ನನಗೆ ಇವತ್ತಿಗೂ ಇಷ್ಟ. ಸ್ಟೀರಿಂಗಿನಿಂದ ಬರುವ ಶಾಫ್ಟ್ ಒಳಗೆ ಒಂದು ಸಣ್ಣ ಟಾರ್ಷನ್ ಬಾರ್ (ತಿರುಚಿಕೊಳ್ಳಬಲ್ಲ ಸರಳು) ಇರುತ್ತೆ. ನಾವು ತಿರುಗಿಸುವಾಗ ಮುಂದಿನ ಚಕ್ರಗಳು ಎದುರು ಒತ್ತಿದರೆ ಆ ಸರಳು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತೆ. ಅಷ್ಟಕ್ಕೇ ವಾಲ್ವ್ ತೆರೆದು, ಪಂಪಿನಿಂದ ಬಂದ ಎಣ್ಣೆ ಪಿಸ್ಟನ್ನಿನ ಒಂದು ಬದಿಗೆ ನುಗ್ಗಿ ತಳ್ಳುತ್ತೆ. ಕೈ ಸಡಿಲ ಬಿಟ್ಟರೆ ಸರಳು ನೆಟ್ಟಗಾಗಿ ವಾಲ್ವ್ ಮಧ್ಯಕ್ಕೆ ಬರುತ್ತೆ, ಸಹಾಯ ನಿಲ್ಲುತ್ತೆ. ತಂತಿಯಿಲ್ಲ, ಸೆನ್ಸರ್ ಇಲ್ಲ.

ಬಾಕ್ಸ್ ಫ್ರೇಮಿಗೆ ಕೂರಿಸೋದು ಸುಲಭದ ಭಾಗ. ತಲೆನೋವು ಅದರ ಸುತ್ತಮುತ್ತ. ಪವರ್ ಬಾಕ್ಸ್ ಮ್ಯಾನುಯಲ್‌ಗಿಂತ ಉದ್ದ, ಹಾಗಾಗಿ ಕಾಲಮ್ಮಿನ ಶಾಫ್ಟನ್ನು ಗಿಡ್ಡ ಮಾಡಬೇಕು. ಎಲ್ಲವನ್ನೂ ಬಿಗಿಯದೆ ಒಮ್ಮೆ ಜೋಡಿಸಿ ನೋಡಿ, ಅಳತೆ ಗುರುತು ಮಾಡಿ, ಆಮೇಲೆ ಕತ್ತರಿಸಬೇಕಾದ ಕೆಲಸ ಇದು. ಪಂಪಿನ ಬ್ರಾಕೆಟ್ ಎಂಜಿನ್ನಿಗೆ ತಕ್ಕಂತೆ ಬೇರೆ. ಎಂಟು ಸಿಲಿಂಡರಿನ ವಿ8ಗೆ ಬೇಕಾದಷ್ಟು ಸಿಗುತ್ತೆ, ನನ್ನಂಥ ಆರು ಸಿಲಿಂಡರ್‌ನವರು ಹುಡುಕಾಡಬೇಕು. ಕ್ರ್ಯಾಂಕ್ ಪುಲಿಯಲ್ಲಿ ಪಂಪಿನ ಬೆಲ್ಟಿಗೆ ಇನ್ನೊಂದು ತೋಡು (ಗ್ರೂವ್) ಇದೆಯೇ, ಮೂರು ಪುಲಿಗಳೂ ಒಂದೇ ಗೆರೆಯಲ್ಲಿವೆಯೇ ನೋಡಿ. ಗೆರೆ ತಪ್ಪಿದರೆ ಬೆಲ್ಟ್ ಕಿರುಚುತ್ತೆ, ಇಲ್ಲವೇ ಹಾರುತ್ತೆ.

ಕಿಟ್ ಮಾರಿದವರ ಮೇಲೆ ನನ್ನ ಒಂದೇ ಸಿಟ್ಟು ಹೋಸಿನದು. ಹಳೇ ಬಾಕ್ಸ್‌ಗಳಲ್ಲಿ ಪೈಪಿನ ತುದಿ ಫ್ಲೇರ್ ಆಗಿ (ಬಾಯಿ ಅಗಲಿಸಿದಂತೆ) ಕೂರುತ್ತೆ, ಆಮೇಲಿನವುಗಳಲ್ಲಿ ಓ-ರಿಂಗ್ ಅನ್ನುವ ರಬ್ಬರ್ ಬಳೆ. ನನಗೆ ಬಂದ ಬಾಕ್ಸ್ ಫ್ಲೇರಿನದು, ಹೋಸ್ ಓ-ರಿಂಗಿನದು. ಬಿಗಿದಷ್ಟೂ ಜಿನುಗುತ್ತಿತ್ತು. ಫೋನ್ ಮಾಡಿದರೆ ‘ಇನ್ನೂ ಸ್ವಲ್ಪ ಟೈಟ್ ಮಾಡಿ ಸಾರ್’ ಅನ್ನುವ ಉತ್ತರ. ಫುಲ್ ಲಾಕಿನಲ್ಲಿ, ಅಂದರೆ ಸ್ಟೀರಿಂಗ್ ತುದಿ ಮುಟ್ಟಿದಾಗ, ಒತ್ತಡ 1000 ಪಿಎಸ್ಐ ದಾಟುವ ಜಾಗ ಅದು; ಬಿಗಿದು ಕೂರಿಸುವ ಮಾತೇ ಅಲ್ಲ. ಕೊನೆಗೆ ಹಳೇ ತುದಿಗೆ ಹೊಂದುವ ಹೋಸನ್ನು ಅಳತೆ ಕೊಟ್ಟು ಮಾಡಿಸಿದೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಹಾಯಿಸಿ ಕ್ಲಿಪ್ ಹಾಕಿಸಿದೆ. ಅಲ್ಲಿಂದ ಈಚೆಗೆ ಒಂದು ತೊಟ್ಟೂ ಇಲ್ಲ.

ಎಣ್ಣೆಯ ದಾರಿಯಲ್ಲಿ ಸೇರಿರುವ ಏರ್ ತೆಗೆಯೋದಕ್ಕೆ ಆತುರ ಬೇಡ. ಮುಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಇದ್ದಾಗಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುತ್ತಾ ಎಣ್ಣೆ ತುಂಬಿಸುತ್ತಾ ಹೋಗಬೇಕು. ಮೊದಮೊದಲು ಪಂಪಿನ ಎಣ್ಣೆ ಡಬ್ಬಿಯಲ್ಲಿ ಎಣ್ಣೆ ಗುಳುಗುಳು ಅಂತ ಇಳಿಯುತ್ತೆ, ಮೇಲೆ ಬಿಳಿ ನೊರೆ ಕಟ್ಟುತ್ತೆ. ನೊರೆ ಪೂರ್ತಿ ಹೋಗಿ ಎಣ್ಣೆಯ ಮಟ್ಟ ಕದಲದೆ ನಿಂತ ಮೇಲೆ ಮಾತ್ರ ಎಂಜಿನ್ ಸ್ಟಾರ್ಟ್ ಮಾಡಿ. ನೊರೆ ಇರುವಾಗಲೇ ಓಡಿಸಿದರೆ ಪಂಪ್ ಗೊಂಯ್ಯೆಂದು ಕೂಗುತ್ತೆ, ಬೇಗ ಸವೆಯುತ್ತೆ.

ಇನ್ನು ಓಡಿಸುವ ವಿಷಯ. ಮೊದಲ ವಾರ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು. ನಿಲ್ಲಿಸುವಾಗ ಒಂದೇ ಕೈ ಸಾಕು, ಸುತ್ತುಗಳಲ್ಲೂ ಕಾಲು ಭಾಗಕ್ಕಿಂತ ಜಾಸ್ತಿ ಉಳಿತಾಯವಾಗಿತ್ತು. ಆದರೆ ವೇಗ ಹೆಚ್ಚಾದಾಗ ಸ್ಟೀರಿಂಗಿಗೆ ಮಧ್ಯ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ತಿರುವು ಮುಗಿದ ಮೇಲೆ ತಾನಾಗಿ ವಾಪಸ್ ಬರದೆ ಬಿಟ್ಟಲ್ಲೇ ನಿಲ್ಲುತ್ತಿತ್ತು. ಬಾಕ್ಸೇ ಸರಿಯಿಲ್ಲವೇನೋ ಅನ್ನಿಸುತ್ತೆ ಇಂಥ ಹೊತ್ತಿನಲ್ಲಿ. ಕೆಲವರು ಬಾಕ್ಸಿನ ಮೇಲಿನ ಸ್ಕ್ರೂ ಬಿಗಿಯುತ್ತಾರೆ, ಅದರಿಂದ ಒಳಗೆ ಗೇರ್ ಹಿಡಿದುಕೊಂಡು ವಾಪಸ್ ಬರುವುದು ಇನ್ನಷ್ಟು ಕೆಡುತ್ತೆ.

ನಿಜವಾದ ಕಾರಣ ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಮ್ಯಾನುಯಲ್ ಸ್ಟೀರಿಂಗಿನ ಗಾಡಿಗಳಲ್ಲಿ ಕೈಗೆ ಹಗುರಾಗಲಿ ಅಂತ ಕ್ಯಾಸ್ಟರ್ ಕೋನವನ್ನು ಕಡಿಮೆ ಇಟ್ಟಿರುತ್ತಾರೆ. ಚಕ್ರವನ್ನು ನೆಟ್ಟಗೆ ಎಳೆದು ತರುವ ಗುಣ ಇರುವುದೇ ಆ ಕೋನದಲ್ಲಿ. ಪವರ್ ಬಂದ ಮೇಲೆ ಭಾರದ ಚಿಂತೆ ಇಲ್ಲ, ಕೋನ ಏರಿಸಬಹುದು. ಅಲೈನ್‌ಮೆಂಟ್ ಮಾಡುವವರು ಹಳೇ ಪುಸ್ತಕದ ಅಳತೆಗೇ ತಂದು ನಿಲ್ಲಿಸಲು ಹೊರಟಿದ್ದರು. ನಾನು ಪಟ್ಟು ಹಿಡಿದು ಮುಂದಿನ ಚಕ್ರ ಹಿಡಿದಿರುವ ಮೇಲಿನ ಕಂಟ್ರೋಲ್ ಆರ್ಮಿನ ಶಿಮ್‌ಗಳನ್ನು (ತೆಳು ತಗಡುಗಳನ್ನು) ಬದಲಾಯಿಸಿ ಒಂದು ಡಿಗ್ರಿಯ ಆಸುಪಾಸಿನಲ್ಲಿದ್ದದ್ದನ್ನು ಮೂರೂವರೆಗೆ ಏರಿಸಿಸಿದೆ. ಹೊರಗೆ ಬಂದ ಗಾಡಿಯೇ ಬೇರೆ. ತಿರುವಿನಿಂದ ಕೈಯೊಳಗೆ ಜಾರಿ ತಾನಾಗಿ ನೆಟ್ಟಗಾಗುತ್ತೆ, ಅಡ್ಡಗಾಳಿಗೂ ಅಷ್ಟು ಜಗ್ಗಲ್ಲ. ಕಿಟ್‌ಗೆ ಕೊಟ್ಟ ದುಡ್ಡಿಗಿಂತ ಈ ಅಲೈನ್‌ಮೆಂಟಿಗೆ ಕೊಟ್ಟದ್ದೇ ಹೆಚ್ಚು ಸಾರ್ಥಕ ಅಂತ ನನ್ನ ಲೆಕ್ಕ. ಕಿಟ್ಟಿನ ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇಷ್ಟು ವರ್ಷಗಳ ನಿರ್ವಹಣೆ ಅಂದರೆ ಒಂದು ಸಲ ಬೆಲ್ಟ್, ಒಂದು ಸಲ ರಿಟರ್ನ್ ಹೋಸ್, ಆಗಾಗ ಎಣ್ಣೆ ಬದಲು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕಾಯಬೇಡಿ. ಫುಲ್ ಲಾಕಿನಲ್ಲಿ ಸ್ಟೀರಿಂಗ್ ಒತ್ತಿ ಹಿಡಿದುಕೊಂಡು ನಿಲ್ಲುವ ಅಭ್ಯಾಸ ಇದ್ದವರು ಬಿಡಬೇಕು, ಎಣ್ಣೆ ಕಾಯುವುದೇ ಅಲ್ಲಿ. ಬಾಕ್ಸ್ ಕೂತಿರುವ ಕಡೆ ಫ್ರೇಮಿನಲ್ಲಿ ಬಿರುಕು ಬಂದಿದೆಯೇ ಅಂತ ಸರ್ವೀಸಿನಲ್ಲಿ ಪ್ರತಿ ಸಲ ಟಾರ್ಚ್ ಹಿಡಿದು ನೋಡುತ್ತೇನೆ. ಮೊದಲು ತೋಳು ಹಾಕುತ್ತಿದ್ದ ಬಲಕ್ಕಿಂತ ಹೆಚ್ಚಿನ ಬಲ ಈಗ ಆ ಉಕ್ಕಿನ ಮೇಲೆ ಬೀಳುತ್ತೆ.

ಪಂಪ್, ಹೋಸ್ ಯಾವುದರ ಸಹವಾಸವೂ ಬೇಡ ಅನ್ನುವವರು ಎಲೆಕ್ಟ್ರಿಕ್ ಕಡೆ ಹೋಗುತ್ತಿದ್ದಾರೆ. ಟೊಯೊಟಾ ಪ್ರಿಯಸ್, ಸ್ಯಾಟರ್ನ್ ವ್ಯೂ ಕಾರುಗಳ ಕಾಲಮ್ ಮೋಟಾರನ್ನು ಡ್ಯಾಶ್ ಕೆಳಗೆ ಅಡಗಿಸಿ, ಮ್ಯಾನುಯಲ್ ಬಾಕ್ಸನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಗೆಳೆಯನ ಗಾಡಿಯಲ್ಲಿ ಓಡಿಸಿ ನೋಡಿದೆ. ಎಂಜಿನ್ ಬೇ ಮೊದಲಿನಂತೆಯೇ ಕಾಣುತ್ತೆ, ಒಂದು ನಾಬ್ ತಿರುಗಿಸಿದರೆ ಹಗುರ-ಭಾರ ನಮ್ಮ ಇಷ್ಟ. ಆದರೆ 24:1 ಹಾಗೇ ಉಳಿಯುವುದರಿಂದ ಸುತ್ತೋದು ತಪ್ಪಲ್ಲ, ಹಳೇ ಚಿಕ್ಕ ಆಲ್ಟರ್ನೇಟರಿಗೂ ಹೊರೆ. ಆರು ಸಿಲಿಂಡರಿನ ಬ್ರಾಕೆಟ್ ಸಿಗದೇ ಹೋಗಿದ್ದರೆ ನಾನೂ ಅದನ್ನೇ ಹಾಕಿಸುತ್ತಿದ್ದೆ.

ಹೈಡ್ರಾಲಿಕ್ ಹಾಕಿಸುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಲಿ: ಎಂಜಿನ್ ಆಫ್ ಆದರೆ, ಬೆಲ್ಟ್ ಹೋದರೆ, ಸ್ಟೀರಿಂಗ್ ಹಳೇ ಮ್ಯಾನುಯಲ್ ಬಾಕ್ಸಿಗಿಂತಲೂ ಭಾರವಾಗುತ್ತೆ, ಯಾಕೆಂದರೆ ಅನುಪಾತ ಈಗ 17.5. ತಿರುಗುತ್ತೆ, ಆದರೆ ಎರಡೂ ಕೈ ಹಾಕಿ ಎಳೆಯಬೇಕು. ಆದ್ದರಿಂದ ಹಗುರಾಯಿತಲ್ಲ ಅಂತ ಚಿಕ್ಕ ಸ್ಪೋರ್ಟ್ಸ್ ಸ್ಟೀರಿಂಗ್ ಚಕ್ರ ಹಾಕಿಸಬೇಡಿ. ನಾನು ಕಂಪನಿ ಕೊಟ್ಟ ದೊಡ್ಡ ಚಕ್ರವನ್ನೇ ಇಟ್ಟುಕೊಂಡಿದ್ದೇನೆ. ಇಳಿಜಾರಿನಲ್ಲಿ ಬೆಲ್ಟ್ ಹರಿದ ದಿನ ಗಾಡಿಯನ್ನು ಪಕ್ಕಕ್ಕೆ ತರಲು ಅದರ ಅಗಲವೇ ಕೆಲಸಕ್ಕೆ ಬಂದದ್ದು.