ಬಾಲ ಹಿಡಿದ ಕ್ಯಾಮೆರಾ, ಮರಿ ತೋರಿಸಿದ ಕ್ಯಾಮೆರಾ

ಜಮೀನಿನ ಅಂಚಿನಲ್ಲಿ ಜಿಂಕೆ ಓಡಾಡುತ್ತವೆ ಅಂತ ಹೆಜ್ಜೆ ಗುರುತು ನೋಡಿಯೇ ಗೊತ್ತಾಗಿತ್ತು. ಎಷ್ಟು ಬರುತ್ತವೆ, ಯಾವ ಹೊತ್ತಿಗೆ ಬರುತ್ತವೆ, ಜೊತೆಗೆ ಮರಿಗಳಿವೆಯಾ ಅನ್ನೋದು ಮಾತ್ರ ತಿಳಿದಿರಲಿಲ್ಲ. ಅದಕ್ಕೇ ಪ್ರಾಣಿ ಮುಂದೆ ಬಂದಾಗ ತಾನಾಗಿಯೇ ಚಿತ್ರ ತೆಗೆಯುವ ಎರಡು ಟ್ರೇಲ್ ಕ್ಯಾಮೆರಾ ತಂದು, ಒಂದೇ ಕಾಲುದಾರಿಗೆ ಮುಖ ಮಾಡಿ ಅಕ್ಕಪಕ್ಕದ ಎರಡು ಮರಕ್ಕೆ ಕಟ್ಟಿ, ಎರಡು ವಾರ ಬಿಟ್ಟೆ.

ಮೊದಲನೆಯದರ ಡಬ್ಬಿಯ ಮೇಲೆ ದೊಡ್ಡದಾಗಿ 48 ಮೆಗಾಪಿಕ್ಸೆಲ್ ಅಂತ ಬರೆದಿತ್ತು. ಎರಡನೆಯದರಲ್ಲಿ ಅದರ ಕಾಲು ಭಾಗವೂ ಇರಲಿಲ್ಲ. ಚಿತ್ರ ಹಿಗ್ಗಿಸಿ ನೋಡಿದರೆ ಮೊದಲನೆಯದರಲ್ಲಿ ಕಿವಿಯ ಕೂದಲೆಲ್ಲ ಕಲಸಿಹೋಗಿತ್ತು. ಇಂಥ ಎಷ್ಟೋ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದೇ ಇರುತ್ತದೆ, ಸಾಫ್ಟ್‌ವೇರ್ ಆ ಚಿತ್ರವನ್ನು ಎಳೆದು ದೊಡ್ಡದು ಮಾಡುತ್ತದೆ ಅಷ್ಟೇ. ಕಾರ್ಡ್ ಬೇಗ ತುಂಬುತ್ತದೆ, ವಿವರ ಮಾತ್ರ ಹೆಚ್ಚಾಗುವುದಿಲ್ಲ.

ನಿಜವಾದ ವ್ಯತ್ಯಾಸ ಇರುವುದು ವೇಗದಲ್ಲಿ. ಚಲನೆ ಗುರುತಿಸುವ ಇನ್ನೊಂದು ಸೆನ್ಸರ್‌ಗೆ ಪ್ರಾಣಿ ಗೊತ್ತಾದ ಮೇಲೆ ಚಿತ್ರ ತೆಗೆಯೋಕೆ ಹಿಡಿಯುವ ಸಮಯವೇ ಟ್ರಿಗರ್ ಸ್ಪೀಡ್. ನಡೆದು ಹೋಗುವ ಜಿಂಕೆ ಒಂದು ಸೆಕೆಂಡಿನಲ್ಲಿ ಹೆಚ್ಚುಕಮ್ಮಿ ತನ್ನ ಮೈಯುದ್ದದಷ್ಟು ಮುಂದೆ ಹೋಗಿಬಿಡುತ್ತದೆ. ಹಾಗಾಗಿ ನಿಧಾನವಾದ ಮೊದಲ ಕ್ಯಾಮೆರಾದಲ್ಲಿ ನನಗೆ ಸಿಕ್ಕಿದ್ದು ಬಾಲ, ಹಿಂಗಾಲು, ಇಲ್ಲವೇ ಖಾಲಿ ದಾರಿ. ಇಂಥ ದಾರಿಗೆ ಟ್ರಿಗರ್ ಸ್ಪೀಡ್ ಅರ್ಧ ಸೆಕೆಂಡಿಗಿಂತ ಕಡಿಮೆ ಇರಬೇಕು.

ಅದಕ್ಕಿಂತ ಮುಖ್ಯವಾದದ್ದು ಒಂದು ಚಿತ್ರ ತೆಗೆದು ಮುಂದಿನದಕ್ಕೆ ತಯಾರಾಗಲು ಬೇಕಾದ ಸಮಯ. ಇದನ್ನು ರಿಕವರಿ ಟೈಮ್ ಅಂತಾರೆ, ಡಬ್ಬಿಯ ಮೇಲೆ ಇದನ್ನು ಬರೆಯುವವರು ಕಡಿಮೆ. ಮೊದಲ ಕ್ಯಾಮೆರಾ ರಾತ್ರಿ ಹೊತ್ತು ಹತ್ತಿರ ಹತ್ತಿರ 10 ಸೆಕೆಂಡ್ ಸುಮ್ನೆ ಕೂರುತ್ತಿತ್ತು. ಅದರ ಪ್ರಕಾರ ಆ ದಾರಿಯಲ್ಲಿ ಬರುತ್ತಿದ್ದದ್ದು ಒಂಟಿ ಹೆಣ್ಣು ಜಿಂಕೆ. ಎರಡನೇ ಕ್ಯಾಮೆರಾದ ಕಾರ್ಡ್ ತೆಗೆದು ನೋಡಿದೆ. ಅದೇ ರಾತ್ರಿ, ಅದೇ ಜಿಂಕೆ, ಎರಡು ಸೆಕೆಂಡ್ ಬಿಟ್ಟು ಮುಂದಿನ ಚಿತ್ರದಲ್ಲಿ ಅದರ ಹಿಂದೆಯೇ ಒಂದು ಮರಿ! ಮುಂಗಾಲು ಎತ್ತಿ, ಕಿವಿ ಅಗಲಿಸಿ ನಿಂತಿತ್ತು. ಆ ಚಿತ್ರವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಎರಡು ವಾರವೂ ಆ ಮರಿ ಮೊದಲ ಕ್ಯಾಮೆರಾದ ಮುಂದೆಯೇ ಓಡಾಡಿದೆ, ಒಂದು ಚಿತ್ರದಲ್ಲೂ ಇಲ್ಲ. ಜಿಂಕೆ ಎಣಿಸೋಕೆ ಅಂತಲೇ ಕ್ಯಾಮೆರಾ ಕಟ್ಟುವವರಿಗೆ ಇದು ಸಣ್ಣ ತಪ್ಪಲ್ಲ ಅಲ್ವಾ?

ರಾತ್ರಿ ಬೆಳಕಿನ ವಿಷಯ. ಕತ್ತಲಲ್ಲಿ ಚಿತ್ರಕ್ಕೆ ಬೆಳಕು ಕೊಡುವ ಇನ್ಫ್ರಾರೆಡ್ ಎಲ್‌ಇಡಿಗಳು ಬೆಳಕಿನ ತರಂಗದ ಉದ್ದದ ಪ್ರಕಾರ ಸಾಮಾನ್ಯವಾಗಿ ಎರಡು ಬಗೆ, 850 ನ್ಯಾನೊಮೀಟರ್ ಮತ್ತು 940 ನ್ಯಾನೊಮೀಟರ್. 850ರದ್ದು ದೂರದವರೆಗೆ ಬೆಳಗುತ್ತದೆ, ಆದರೆ ಹೊತ್ತಿಕೊಂಡಾಗ ಮಂದವಾದ ಕೆಂಪು ಚುಕ್ಕೆಗಳು ಕಾಣುತ್ತವೆ. ನನ್ನ ಮೊದಲ ಕ್ಯಾಮೆರಾ ಈ ಬಗೆಯದು, ಅದರ ಎಷ್ಟೋ ಚಿತ್ರಗಳಲ್ಲಿ ಜಿಂಕೆ ನೇರವಾಗಿ ಲೆನ್ಸ್ ಕಡೆಗೇ ನೋಡುತ್ತಿದೆ. 940ರದ್ದು ಕಣ್ಣಿಗೆ ಕಾಣುವುದಿಲ್ಲ, ಕಳ್ಳರ ಕಣ್ಣಿಗೂ ಬೀಳುವುದಿಲ್ಲ, ಆದರೆ ಚಿತ್ರ ಸ್ವಲ್ಪ ಕಪ್ಪು, ಓಡುವ ಪ್ರಾಣಿ ಮಸುಕು. ದಾರಿಗೆ ಹತ್ತಿರ ಕಟ್ಟುವುದಾದರೆ ನಾನು 940ನ್ನೇ ಆರಿಸುತ್ತೇನೆ. ಬಯಲಿಗೆ 850.

ಬ್ಯಾಟರಿಯಲ್ಲಿ ಒಂದು ಪಾಠ ಕಲಿತೆ. ಆಲ್ಕಲೈನ್ ಸೆಲ್ ಹಾಕಿದ್ದೆ. ಹಗಲಿನ ಚಿತ್ರಗಳು ಚೆನ್ನಾಗಿಯೇ ಬರುತ್ತಿದ್ದವು, ರಾತ್ರಿಯವು ಮಾತ್ರ ಕಪ್ಪಾಗುತ್ತಾ ಹೋಗಿ ಕೊನೆಗೆ ನಿಂತೇಹೋದವು. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡಿದ್ದೆ. ಎಲ್‌ಇಡಿಗಳು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತವೆ, ವೋಲ್ಟೇಜ್ ಇಳಿದ ಸೆಲ್ ಅಷ್ಟು ಕೊಡಲಾರದು. 1.5 ವೋಲ್ಟಿನ ಲಿಥಿಯಂ ಸೆಲ್ ಹಾಕಿದ ಮೇಲೆ ಸರಿಹೋಯಿತು, ಅವು ಕೊನೆಯವರೆಗೂ ಹೆಚ್ಚುಕಮ್ಮಿ ಒಂದೇ ವೋಲ್ಟೇಜ್ ಕೊಡುತ್ತವೆ, ಚಳಿಯಲ್ಲೂ ಕೈಬಿಡುವುದಿಲ್ಲ. ರೀಚಾರ್ಜ್ ಮಾಡುವ ನಿಕೆಲ್ ಸೆಲ್ 1.2 ವೋಲ್ಟಿನವು, ನಿಮ್ಮ ಕ್ಯಾಮೆರಾಕ್ಕೆ ಆಗುತ್ತವಾ ಅಂತ ಮೊದಲೇ ನೋಡಿಕೊಳ್ಳಿ.

ಎರಡನೇ ಕ್ಯಾಮೆರಾದಲ್ಲೂ ಕೊರತೆಗಳಿವೆ. ಮುಚ್ಚಳದ ಕೊಂಡಿ ತುಂಬಾ ಬಿಗಿ, ಒಳಗಿನ ಸ್ಕ್ರೀನ್ ಬಿಸಿಲಲ್ಲಿ ಏನೂ ಕಾಣಿಸದು, ಒಮ್ಮೆ ಇರುವೆಗಳು ಒಳಗೇ ಗೂಡು ಮಾಡಿದ್ದವು. ಉರಿಬಿಸಿಲಿನ ಮಧ್ಯಾಹ್ನ ಎರಡೂ ಕ್ಯಾಮೆರಾ ಸೋಲುತ್ತವೆ. ಸೆನ್ಸರ್ ಗುರುತಿಸುವುದು ಚಲಿಸುವ ಬಿಸಿಯನ್ನು, ಸುತ್ತಲಿನ ನೆಲವೇ ಪ್ರಾಣಿಯ ಮೈಯಷ್ಟು ಕಾದಿದ್ದರೆ ಅದಕ್ಕೆ ವ್ಯತ್ಯಾಸ ಸಿಗುವುದಿಲ್ಲ. ಬಿಸಿಲು ಬಿದ್ದ ಹುಲ್ಲು ಗಾಳಿಗೆ ಅಲ್ಲಾಡಿದರೂ ಕ್ಯಾಮೆರಾ ಕ್ಲಿಕ್ ಮಾಡುತ್ತದೆ. ಲೆನ್ಸ್ ಮುಂದಿನ ಒಂದೇ ಒಂದು ಹುಲ್ಲುಕಡ್ಡಿಯಿಂದ ನನ್ನ ಕಾರ್ಡ್ ತುಂಬಿಹೋಗಿತ್ತು, ಮುಂದಿನದೆಲ್ಲ ಸವರಿಯೇ ಬನ್ನಿ. ದಾರಿಗೆ ಅಡ್ಡವಾಗಿ ಕಟ್ಟದೆ ಓರೆಯಾಗಿ, ಸೊಂಟದ ಎತ್ತರಕ್ಕೆ ಕಟ್ಟಿ. ಆಗ ಜಿಂಕೆ ಹೆಚ್ಚು ಹೊತ್ತು ಚೌಕಟ್ಟಿನಲ್ಲಿ ಇರುತ್ತದೆ. ಪೂರ್ವ ಪಶ್ಚಿಮಕ್ಕೆ ಮುಖ ಮಾಡಿದರೆ ಬೆಳಗ್ಗೆ ಸಂಜೆ ಸೂರ್ಯ ಲೆನ್ಸಿಗೇ ಹೊಡೆಯುತ್ತಾನೆ, ಜಿಂಕೆ ಹೆಚ್ಚು ಓಡಾಡುವುದೂ ಅದೇ ಹೊತ್ತಿನಲ್ಲಿ.

ಮೊದಲ ಕ್ಯಾಮೆರಾವನ್ನು ನಾನು ಎಸೆದಿಲ್ಲ. ನೀರಿನ ಗುಂಡಿಯ ಹತ್ತಿರ ಕಟ್ಟಿದ್ದೇನೆ. ಅಲ್ಲಿ ಜಿಂಕೆ ಬಂದು, ಸುತ್ತ ನೋಡಿ, ತಲೆ ತಗ್ಗಿಸಿ ನಿಧಾನವಾಗಿ ಕುಡಿಯುತ್ತವೆ, ನಿಧಾನದ ಕ್ಯಾಮೆರಾಕ್ಕೂ ಬೇಕಾದಷ್ಟು ಸಮಯ ಸಿಗುತ್ತದೆ. ಮೊನ್ನೆ ಅದರಲ್ಲೂ ಮರಿ ಕಾಣಿಸಿತು, ತಾಯಿಯ ಹೊಟ್ಟೆಗೆ ಒರಗಿಕೊಂಡು ನಿಂತಿತ್ತು.