ಮೆಫಿಸ್ಟೋನಾ, ಏನ್ಶಿಯಂಟ್ ಟನಲ್ಸಾ?

ಮಂಡ್ಯದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ‘ಅಣ್ಣ, ಡಯಾಬ್ಲೊ 2 ರಿಸರೆಕ್ಟೆಡ್ ಗೇಮ್‌ನಲ್ಲಿ ಹೆಲ್, ಅಂದ್ರೆ ಎಲ್ಲಕ್ಕಿಂತ ಕಷ್ಟದ ಹಂತ, ಮುಗಿಸಿದೆ, ಇನ್ನು ಗೇರ್‌ಗೆ ಎಲ್ಲಿ ಫಾರ್ಮ್ ಮಾಡ್ಲಿ?’ ಫಾರ್ಮ್ ಅಂದರೆ ಒಳ್ಳೆ ಆಯುಧ, ಕವಚ (ಗೇರ್) ಸಿಗುವ ತನಕ ಒಂದೇ ಜಾಗವನ್ನು ಮತ್ತೆ ಮತ್ತೆ ಆಡುವುದು. ಅವನದು ಬ್ಲಿಜರ್ಡ್ ಸೋರ್ಸರೆಸ್, ಹಿಮದ ಮಂತ್ರದಿಂದ ಹೊಡೆಯುವ ಮಾಟಗಾತಿ. ನಿಮ್ಮದೂ ಅದೇ ಆದರೆ ಇದು ನಿಮಗೂ ಸರಿ.

ಕೈಯಲ್ಲಿ ಇನ್ನೂ ಏನೂ ಇಲ್ಲ ಅಂದರೆ ಬಾಸ್ ರಾಕ್ಷಸ ಮೆಫಿಸ್ಟೋ. ಅವನಿರುವ ಡ್ಯೂರೆನ್ಸ್ ನೆಲಮಾಳಿಗೆಯ ಎರಡನೇ ಮಹಡಿಯ ವೇಪಾಯಿಂಟ್‌ನಿಂದ (ನೇರವಾಗಿ ಬಂದಿಳಿಯುವ ತಾಣ) ಟೆಲಿಪೋರ್ಟ್ ಮಾಡುತ್ತಾ ಮೆಟ್ಟಿಲು ಹುಡುಕಿ, ಕೆಳಗಿಳಿದು ಅವನೊಬ್ಬನನ್ನೇ ಹೊಡೆದು ಹೊರಗೆ ಬನ್ನಿ. ಶಾಕೊ (ಟೋಪಿ), ಆಕ್ಯುಲಸ್ (ಮಂತ್ರಗೋಳ), ವೈಪರ್‌ಮೇಜೈ (ಕವಚ) ಎಲ್ಲವೂ ಅವನಿಂದ ಬೀಳುತ್ತವೆ. ಮೈಸೂರಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಕಾಫಿ ಆರುವಷ್ಟರಲ್ಲಿ ನಾನು ಒಂದೆರಡು ರನ್ ಮುಗಿಸುತ್ತೇನೆ.

ಆದರೆ ಹಿಮದ ಮಂತ್ರಕ್ಕೆ ಬಲ ಕೊಡುವ ಮಂತ್ರಗೋಳ ಡೆತ್ಸ್ ಫ್ಯಾಥಮ್ ಬೇಕಾ? ಮೆಫಿಸ್ಟೋನನ್ನು ಸಾವಿರ ಸಲ ಕೊಂದರೂ ಅದು ಬೀಳುವುದಿಲ್ಲ, ಅವನ ಡ್ರಾಪ್ ಪಟ್ಟಿ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಆಗ ಏನ್ಶಿಯಂಟ್ ಟನಲ್ಸ್ ಅನ್ನೋ ಸುರಂಗಕ್ಕೆ ಬನ್ನಿ. ಹೆಲ್‌ನಲ್ಲಿ ಅದು 85ರ ಲೆವೆಲ್ ಜಾಗ, ಲಾಸ್ಟ್ ಸಿಟಿ ಅನ್ನೋ ಪ್ರದೇಶದಲ್ಲಿ ಅದರ ಬಾಗಿಲು ಹುಡುಕಬೇಕು. ಅಲ್ಲಿನ ಮಾಮೂಲಿ ರಾಕ್ಷಸರಿಗೆ ಕೋಲ್ಡ್ ಇಮ್ಯೂನಿಟಿ ಇಲ್ಲ, ಅಂದರೆ ಹಿಮದ ಏಟು ತಾಗುತ್ತೆ, ಬ್ಲಿಜರ್ಡ್‌ಗೆ ಇದಕ್ಕಿಂತ ಏನು ಬೇಕು, ಅಲ್ವಾ? ರನ್ ಉದ್ದ, ನಿಜ. ಚಾಂಪಿಯನ್ ಮತ್ತು ಯೂನಿಕ್ ಅನ್ನೋ ಬಲಿಷ್ಠ ರಾಕ್ಷಸರ ಗುಂಪುಗಳನ್ನು ಮಾತ್ರ ಹೊಡೆಯಿರಿ, ಉಳಿದವರ ಮೇಲೆ ಸುಮ್ನೆ ಟೈಮ್ ಕಳೆಯಬೇಡಿ.

ಒಳ್ಳೆ ಐಟಂ ಬೀಳುವ ಸಾಧ್ಯತೆ ಹೆಚ್ಚಿಸುವ ಮ್ಯಾಜಿಕ್ ಫೈಂಡ್ ಎರಡೂ ಕಡೆ ಬೇಕು. ಆದರೆ ಶಾಕೊದಂಥ ಯೂನಿಕ್ ಐಟಂಗಳಿಗೆ ಅದು ಹೆಚ್ಚಾದಷ್ಟೂ ಲಾಭ ಕಮ್ಮಿ, ಗೇರ್‌ಗೆ ಕೂರಿಸುವ ಕಲ್ಲುಗಳಾದ ರೂನ್‌ಗಳಿಗಂತೂ ಉಪಯೋಗವೇ ಇಲ್ಲ. ಅದಕ್ಕಾಗಿ ಡ್ಯಾಮೇಜ್ ಜಾಸ್ತಿ ಬಿಟ್ಟುಕೊಡಬೇಡಿ. ತಮ್ಮನಿಗೆ ನಾನು ಹೇಳಿದ್ದು ಇಷ್ಟೇ: ಶಾಕೊ ಸಿಗುವ ತನಕ ಮೆಫಿಸ್ಟೋ, ಆಮೇಲೆ ಟನಲ್ಸ್.